ವಿಕಿರಣ ಚಿಕಿತ್ಸೆಯ ಚಿತ್ರಣದಲ್ಲಿ ಡೀಪ್ ಲರ್ನಿಂಗ್

ಕ್ಯಾನ್ಸರ್ ಗಡ್ಡೆಗೆ ವಿಕಿರಣ ಹಾಯಿಸುವ ಮುನ್ನ ತೆಗೆಯುವ ಸ್ಕ್ಯಾನ್‌ಗಳನ್ನು ತಿಳಿಗೊಳಿಸಲು, ಅವುಗಳಲ್ಲಿ ಗಡ್ಡೆಯ ಮತ್ತು ಅಂಗಗಳ ಗಡಿ ಗುರುತಿಸಲು ಬಹುಪದರದ ನರಜಾಲಗಳನ್ನು ಬಳಸುವ ವಿಧಾನ. ಇದು 2015ರ ನಂತರ ವೇಗವಾಗಿ ಬೆಳೆಯಿತು. ತಂಬಾಕು, ಗುಟ್ಕಾದಿಂದ ಬರುವ ಬಾಯಿ ಕ್ಯಾನ್ಸರ್ ಹೆಚ್ಚಾಗಿ ಕಾಣುವ ಹುಬ್ಬಳ್ಳಿ-ಧಾರವಾಡ ಸೀಮೆಗೆ ಈ ವಿಧಾನ ತೀರ ಹತ್ತಿರದ ಸಂಗತಿ.

ಇಂಥ ಸ್ಕ್ಯಾನ್‌ಗಳಲ್ಲಿ ಮುಖ್ಯವಾದದ್ದು ಸಿ.ಟಿ. 1971ರಲ್ಲಿ ಎಂಜಿನಿಯರ್ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಸಿ.ಟಿ. ಯಂತ್ರದಿಂದ ಮೊದಲ ರೋಗಿಯ ಮಿದುಳಿನ ಚಿತ್ರ ತೆಗೆದರು. ಅಲನ್ ಕಾರ್ಮ್ಯಾಕ್ ಜೊತೆ ಅವರಿಗೆ 1979ರ ನೊಬೆಲ್ ಬಂತು. ಎಕ್ಸ್-ರೇಯನ್ನು ಅಂಗಾಂಶ ಎಷ್ಟು ಹೀರುತ್ತದೆ ಎಂಬುದನ್ನು ಸಿ.ಟಿ. ಚಿತ್ರದ ಪ್ರತಿ ಬಿಂದುವೂ ಅಂಕಿಯಲ್ಲಿ ಹೇಳುತ್ತದೆ. ವಿಕಿರಣದ ಪ್ರಮಾಣದ ಲೆಕ್ಕ ಹಾಕುವುದು ಆ ಅಂಕಿಗಳ ಮೇಲೆಯೇ. ಆದ್ದರಿಂದ ಇಲ್ಲಿ ಚಿತ್ರ ಕಣ್ಣಿಗೆ ಚೆನ್ನಾಗಿದ್ದರೆ ಸಾಲದು, ಅಳತೆಗೂ ಸರಿಯಾಗಿರಬೇಕು.

ಈ ಸೀಮೆಯ ಚಿಕಿತ್ಸಾ ಸೌಲಭ್ಯಗಳ ಮಾತಿಗೆ ಬಂದರೆ, ಹುಬ್ಬಳ್ಳಿಯಲ್ಲಿ 1957ರಲ್ಲಿ ವೈದ್ಯಕೀಯ ಕಾಲೇಜು ಆರಂಭವಾಯಿತು. ಅದೇ ಮುಂದೆ ಕಿಮ್ಸ್ ಎಂದು ಹೆಸರಾಯಿತು. ಅದೇ ಊರಿನ ನವನಗರದಲ್ಲಿ ಡಾ. ಆರ್. ಬಿ. ಪಾಟೀಲರು ಕಟ್ಟಿದ ಕರ್ನಾಟಕ ಕ್ಯಾನ್ಸರ್ ಥೆರಪಿ ಮತ್ತು ರಿಸರ್ಚ್ ಇನ್‌ಸ್ಟಿಟ್ಯೂಟ್, ಉತ್ತರ ಕರ್ನಾಟಕದ ರೋಗಿಗಳಿಗೆ ಮುಂಬೈಗೋ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೋ ಅಲೆಯದೆ, ಊರಿನ ಹತ್ತಿರವೇ ‘ಕರೆಂಟು’ (ವಿಕಿರಣ ಚಿಕಿತ್ಸೆ) ಕೊಡಿಸಿಕೊಳ್ಳುವ ದಾರಿ ತೆರೆಯಿತು.

ಬಾಯಿ, ಗಂಟಲಿನ ಕ್ಯಾನ್ಸರ್‌ನಲ್ಲಿ ಕೆಲಸ ಬಹು ಸೂಕ್ಷ್ಮ. ಗಡ್ಡೆಯ ಪಕ್ಕದಲ್ಲೇ ಬೆನ್ನುಹುರಿ, ಜೊಲ್ಲುಗ್ರಂಥಿ, ದವಡೆ ಇರುತ್ತವೆ. ಜೊಲ್ಲುಗ್ರಂಥಿಗೆ ವಿಕಿರಣ ಹೆಚ್ಚಾದರೆ ಬಾಯಿ ಒಣಗಿ ರೊಟ್ಟಿ ನುಂಗುವುದೂ ಕಷ್ಟ. ಜಾಲದ ನೆರವಿಲ್ಲದಿದ್ದರೆ, ಸ್ಕ್ಯಾನಿನ ಒಂದೊಂದು ಸೀಳಿನ ಮೇಲೂ ಈ ಅಂಗಗಳ ಗಡಿಯನ್ನು ವೈದ್ಯರು ಕೈಯಿಂದಲೇ ಎಳೆಯಬೇಕು. ಅದು ಗಂಟೆಗಟ್ಟಲೆಯ ಶ್ರಮ, ಮತ್ತು ಇಬ್ಬರು ಪರಿಣತರು ಎಳೆದ ಗೆರೆಗಳು ಪೂರ್ತಿ ಹೊಂದುವುದಿಲ್ಲ.

ಜರ್ಮನಿಯ ಫ್ರೈಬರ್ಗ್ ವಿಶ್ವವಿದ್ಯಾಲಯದ ರೊನೆಬರ್ಗರ್, ಫಿಷರ್, ಬ್ರಾಕ್ಸ್ 2015ರಲ್ಲಿ ಪ್ರಕಟಿಸಿದ ಯು-ನೆಟ್ ಇಲ್ಲಿಯ ದೊಡ್ಡ ತಿರುವು. ಕಡಿಮೆ ಮಾದರಿಗಳಿಂದಲೂ ಕಲಿತು, ಚಿತ್ರದ ಪ್ರತಿ ಬಿಂದು ಯಾವ ಭಾಗಕ್ಕೆ ಸೇರಿದ್ದೆಂದು ಅದು ಹೇಳಬಲ್ಲದು. ಮುಂದೆ ಡೀಪ್‌ಮೈಂಡ್ ಕಂಪನಿ ಮತ್ತು ಲಂಡನ್ನಿನ ಯೂನಿವರ್ಸಿಟಿ ಕಾಲೇಜ್ ಆಸ್ಪತ್ರೆಗಳ ತಂಡ ತಲೆ-ಕುತ್ತಿಗೆಯ 21 ಅಂಗಗಳ ಗಡಿ ಎಳೆಯುವ ಜಾಲವನ್ನು ರೂಪಿಸಿತು.

ಚಿಕಿತ್ಸೆ ಆರೇಳು ವಾರ ನಡೆಯುತ್ತದೆ. ಅಷ್ಟರಲ್ಲಿ ರೋಗಿ ಸೊರಗುತ್ತಾರೆ, ಗಡ್ಡೆ ಕುಗ್ಗುತ್ತದೆ, ತಲೆ ಅಲುಗದಂತೆ ಹಿಡಿಯಲು ಹಾಕುವ, ಮೊದಲ ದಿನ ಮುಖಕ್ಕೆ ಬಿಗಿಯಾಗಿದ್ದ ಮುಖವಾಡ ಸಡಿಲವಾಗುತ್ತದೆ. ಚಿಕಿತ್ಸಾ ಮೇಜಿನ ಮೇಲೆಯೇ ತೆಗೆಯುವ ಕೋನ್-ಬೀಮ್ ಸಿ.ಟಿ. ಈ ಬದಲಾವಣೆಯನ್ನು ತೋರಿಸುತ್ತದೆ, ಆದರೆ ಚದುರಿದ ಕಿರಣಗಳಿಂದ ಚಿತ್ರ ಮಸುಕಾಗಿ ಅಂಕಿಗಳು ಕೆಡುತ್ತವೆ. 2017ರಲ್ಲಿ ಬಂದ ಸೈಕಲ್‌ಗ್ಯಾನ್‌ನಂಥ ಜಾಲಗಳು ಅದನ್ನು ಸಿ.ಟಿ.ಯ ಗುಣಮಟ್ಟದ ಹತ್ತಿರಕ್ಕೆ ತರುತ್ತವೆ. ಎಂ.ಆರ್.ಐ.ಯಿಂದಲೇ ಸಿ.ಟಿ. ಅಂಕಿಗಳನ್ನು ಊಹಿಸುವ ಜಾಲವೂ ಅದೇ ವರ್ಷ ಪ್ರಕಟವಾಯಿತು. ಅಪಾಯವಿರುವುದೂ ಇಲ್ಲೇ: ದೇಹದಲ್ಲಿ ಇಲ್ಲದ್ದನ್ನು ಜಾಲ ಬರೆಯಬಹುದು, ಇದ್ದದ್ದನ್ನು ಅಳಿಸಬಹುದು. ಚಿತ್ರ ನುಣುಪಾದಷ್ಟೂ ತಪ್ಪು ಕಣ್ಣಿಗೆ ಬೀಳುವುದು ಕಷ್ಟ. ಹಾಗಾಗಿ ವೈದ್ಯರೂ ವಿಕಿರಣ ಭೌತವಿಜ್ಞಾನಿಗಳೂ ಪ್ರತಿ ಗೆರೆಯನ್ನು ನೋಡಿಯೇ ಒಪ್ಪಬೇಕು.

ಕರ್ನಾಟಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಫಣೀಂದ್ರ ಯಲವರ್ತಿ ಅವರ ತಂಡ, ಕೋವಿಡ್ ರೋಗಿಗಳ ಎದೆಯ ಸಿ.ಟಿ.ಗಾಗಿ ರಚಿಸಿದ ಅನಾಮ್-ನೆಟ್ ಗಡಿ ಗುರುತಿಸುವ ಜಾಲಗಳ ಕುಲದ್ದು. ರಾಸ್ಪ್‌ಬೆರಿ ಪೈಯಂಥ ಪುಟ್ಟ ಗಣಕದಲ್ಲೂ ಅದು ಓಡಿತು. ದುಬಾರಿ ಯಂತ್ರಗಳಿಲ್ಲದ ಜಿಲ್ಲಾ ಆಸ್ಪತ್ರೆಗಳಿಗೆ ಬೇಕಾದ ಹಾದಿ ಇದು. ಹೊರದೇಶದ ಸ್ಕ್ಯಾನ್‌ಗಳಿಂದ ಕಲಿತ ಜಾಲಕ್ಕೆ, ಶಸ್ತ್ರಚಿಕಿತ್ಸೆಯಲ್ಲಿ ದವಡೆಯ ಭಾಗ ಕಳೆದುಕೊಂಡು ತಡವಾಗಿ ಬರುವ ಇಲ್ಲಿಯ ರೋಗಿಯ ಮುಖ ಅಪರಿಚಿತವಾಗಬಹುದು. ಕ್ಯಾನ್ಸರ್ ಆಸ್ಪತ್ರೆ, 2016ರಲ್ಲಿ ಬಂದ ಐಐಟಿ, 1947ರ ಭೂಮರಡ್ಡಿ ಕಾಲೇಜಿನಿಂದ ಬೆಳೆದ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ ಮೂರೂ ಇರುವ ಹುಬ್ಬಳ್ಳಿ-ಧಾರವಾಡ ಅವಳಿನಗರದಲ್ಲಿ, ರೋಗಿಯ ಹೆಸರು ಮರೆಮಾಡಿದ ಸ್ಥಳೀಯ ಸ್ಕ್ಯಾನ್‌ಗಳ ಮೇಲೆ ಇಂಥ ಜಾಲಗಳನ್ನು ಒರೆಹಚ್ಚುವುದು ಆಗಬೇಕಾದ ಕೆಲಸ.