ಅಪ್ಪನ ಕಾಗದದ ಚೀಲ

ನಮ್ಮ ಮನ್ಯಾಗ ದೇವರ ಜಗಲಿ ಬಾಜೂಕ ಒಂದು ಗೂಟ ಐತಿ. ಅದಕ್ಕ ಅಪ್ಪನ ರೆಗ್ಜಿನ್ ಚೀಲ ಇನ್ನೂ ಜೋತಾಡ್ತೈತಿ. ಹಳೇ ಪರ್ಮಿಟ್, ಇನ್ಶೂರೆನ್ಸ್, ಫಿಟ್‌ನೆಸ್, ದಂಡದ ರಸೀದಿ ಎಲ್ಲಾ ಅದರಾಗ. ಮಳ್ಯಾಗ ತೊಯ್ದು ಬಂದ ಕಾಗದಾನ ಅವ್ವ ಒಲಿ ಹತ್ರ ಒಣಗಿಸಿ, ನೀಟಾಗಿ ಮಡಚಿ ಇಡ್ತಿದ್ಲು. ಮೊನ್ನೆ ಚೀಲ ಖಾಲಿ ಮಾಡಿ ನೋಡಿದ್ರ, ಲಾರಿ ಲೈನಿನ ಚರಿತ್ರಾನ ಅದರಾಗ ಕೂತಿತ್ತು.

ಅಪ್ಪ ಕ್ಲೀನರ್ ಆಗಿ ಗಾಡಿ ಹತ್ತಿದಾಗ ಊರೂರಿಗೆ ಜಕಾತಿ ನಾಕಾ ಇದ್ದುವು. ಕರ್ನಾಟಕದಾಗ 1979ರಾಗ ಜಕಾತಿ ಹೋತು, ಅದರ ಬದ್ಲಿ ಪ್ರವೇಶ ತೆರಿಗಿ ಬಂತು. ಮುಂಬೈಯಾಗ ಮಾತ್ರ ಜಕಾತಿ 2017ರ ತನಕ ನಡೀತು. ಬ್ಯಾಡಗಿ ಮೆಣಸಿನಕಾಯಿ ಹೇರಿಕೊಂಡು ಹೋದಾವ ನಾಕಾದ ಮುಂದ ಪಾಳಿ ಹಚ್ಚಿ, ಗಾಡಿಯಾಗ ರಾತ್ರಿ ಕಳೀತಿದ್ದ.

ನ್ಯಾಶನಲ್ ಪರ್ಮಿಟ್ 1975ರಾಗ ಬಂದ್ರೂ ರಾಜ್ಯ ರಾಜ್ಯಕ್ಕ ಬ್ಯಾರೆ ಬ್ಯಾರೆ ಫೀ ಇತ್ತು. 2010ರ ಮೇ ತಿಂಗಳಾಗ ವರ್ಷಕ್ಕ 15,000 ರೂಪಾಯಿ ಕಟ್ಟಿದ್ರ ದೇಶ ಪೂರ್ತಿ ಓಡಾಡಬಹುದು ಅಂತಾತು. ಇದು ಛಲೋ ಆತು ಅಂತ ಅಪ್ಪನೂ ಒಪ್ಪತಾನ.

2017ರ ಜುಲೈ 1ಕ್ಕ ಜಿಎಸ್‌ಟಿ ಬಂತು, ತೆರಿಗಿ ಚೆಕ್‌ಪೋಸ್ಟ್ ಹೋದುವು. ಇನ್ನ ಆರಾಮ ಅನ್ನೋದ್ರಾಗ 2018ರ ಏಪ್ರಿಲ್ 1ಕ್ಕ ಇ-ವೇ ಬಿಲ್. ಮೊದಲು 100 ಕಿಲೋಮೀಟರ್‌ಗೆ ಒಂದು ದಿನದ ಅವಧಿ. 2021ರ ಜನವರಿಯಿಂದ 200 ಕಿಲೋಮೀಟರ್‌ಗೆ ಒಂದು ದಿನ. ಘಾಟಿನಾಗ ಆಕ್ಸಲ್ ಮುರಿದು ನಿಂತ್ರ? ಅವಧಿ ಮುಗಿಯೋದಕ್ಕ ಎಂಟು ತಾಸು ಹಿಂದ-ಮುಂದ ಆನ್‌ಲೈನ್‌ನಾಗ ಬೆಳೆಸಬೇಕು. ಮೂರನೆತ್ತ ಓದಿದ ಅಪ್ಪ ಸ್ಪ್ಯಾನರ್ ಕೈಯಾಗ ಹಿಡಕೊಂಡ ಅಣ್ಣಗ ಫೋನ್ ಹಚ್ಚತಿದ್ದ.

2019 ಅಂತೂ ವಿಚಿತ್ರ ವರ್ಷ. ಟ್ರಾನ್ಸ್‌ಪೋರ್ಟ್ ಲೈಸೆನ್ಸಿಗೆ ಎಂಟನೆತ್ತ ಪಾಸಾಗಿರಬೇಕು ಅನ್ನೋ ನಿಯಮ ತಗದ್ರು. ಅದರ ಸಲುವಾಗಿ ಸ್ಟೇರಿಂಗ್ ಸಿಗದ ಕ್ಲೀನರ್ ಆಗೇ ಉಳಿದವ್ರಿಗೆ ಹೋದ ವರ್ಷ ಯಾರು ಕೊಡ್ತಾರ? ಅದೇ ವರ್ಷ ಸೆಪ್ಟೆಂಬರ್ 1ಕ್ಕ ಓವರ್‌ಲೋಡ್ ದಂಡ 2,000ದಿಂದ 20,000ಕ್ಕ ಏರಿತು. ಲೋಡ್ ಹೇರಿಸಾವ್ರು ಗೋಡೌನಿನಾಗ, ಪೊಲೀಸರ ಮುಂದ ಕೈಕಟ್ಟಿ ನಿಲ್ಲಾವ ಡ್ರೈವರ್.

ಆದ್ರ ಅಪ್ಪ ನಿಜವಾಗಿ ಹೆದರಿದ್ದು 2024ರ ಜನವರಿಯಾಗ. ಅಪಘಾತ ಮಾಡಿ, ಪೊಲೀಸರಿಗೆ ತಿಳಸಲಾರದ ಓಡಿ ಹೋದ್ರ ಹತ್ತು ವರ್ಷದ ತನಕ ಜೈಲು ಅಂತ ಹೊಸ ನ್ಯಾಯ ಸಂಹಿತೆಯ ಕಲಂ 106(2) ಹೇಳಿತ್ತು. ಜೋಡಿಗೆ ಏಳು ಲಕ್ಷ ದಂಡ ಅಂತ ಸುದ್ದಿ ಹಬ್ಬಿತ್ತು. ಕಾಯ್ದೆದಾಗ ಆ ಮೊತ್ತ ಇರಲೇ ಇಲ್ಲ. ದೇಶದ ಎಷ್ಟೋ ಕಡೆ ಡ್ರೈವರ್‌ಗಳು ಗಾಡಿ ನಿಲ್ಲಿಸಿದ್ರು. ಸಂಹಿತೆ ಆ ಜುಲೈಗೆ ಜಾರಿ ಆದಾಗ ಆ ಕಲಮ್ಮನ್ನ ಹೊರಗ ಇಟ್ರು.

ಬಿದ್ದಾವನ್ನ ಬಿಟ್ಟು ಓಡೋದು ತಪ್ಪು, ಅದನ್ನ ಅಪ್ಪನೂ ಅಂತಾನ. "ನಿಂತ್ರ ಮಂದಿ ಬಡೀತಾರವ್ವ, ಓಡಿದ್ರ ಸರ್ಕಾರ ಹಿಡೀತದ. ಕಾಯ್ದೆ ಮಾಡಾವ್ರು ಒಂದು ಟ್ರಿಪ್ ನನ್ನ ಜೋಡಿ ಬರಬೇಕಿತ್ತು" ಅಂದ.

ನಿಯಮ ಬದಲಾಗಬಾರದು ಅಂತ ಅಪ್ಪ ಎಂದೂ ಅಂದಾವಲ್ಲ. ಆದ್ರ ಹೊಸಾದು ಬಂದೈತಿ ಅಂತ ಅವಗ ಯಾರೂ ಕೂತು ಹೇಳಲಿಲ್ಲ. ಎಲ್ಲಾನೂ ದಂಡ ಕಟ್ಟೇ ಕಲ್ತ.

ಈಗ ಗಾಡಿ ಅಣ್ಣ ನಡಸ್ತಾನ. ಅವನ ಕಾಗದ ಎಲ್ಲಾ ಮೊಬೈಲ್‌ನಾಗ. ಒಲಿ ಹತ್ರ ಒಣಗಿಸಾಕ ಅವ್ವಗ ಏನೂ ಉಳಿದಿಲ್ಲ. ಆದ್ರೂ ಅಂವ ಹೊಸ್ತಿಲ ದಾಟೂಮುಂದ ಕೇಳೇ ಕೇಳ್ತಾಳ: "ಚಾರ್ಜ್ ಐತೇನೋ ತಮ್ಮಾ?"