ಬಚ್ಚಲಿಗೆ ಬಂದ ಕರೆಂಟು

ನಮ್ಮ ಕಡೆಯ ಗಂಡಸರು ಬಚ್ಚಲುಮನೆಯೊಳಗೆ ನಿಂತು ಗಡ್ಡ ತೆಗೆದುಕೊಳ್ಳಲು ಕಲಿತದ್ದು ತೀರ ಈಚೆಗೆ. ಮೊದಲು ಕ್ಷೌರವೆಂದರೆ ಅಂಗಳದ ಕೆಲಸ. ಕ್ಷೌರಿಕರು ಬರಬೇಕು, ಜಗಲಿಯ ಅಂಚಿನಲ್ಲೋ ಹೊಂಗೆಯ ನೆರಳಲ್ಲೋ ಕೂರಬೇಕು, ಮುಗಿದ ಮೇಲೆ ಯಾರನ್ನೂ ಮುಟ್ಟದೆ ನೆಟ್ಟಗೆ ಬಚ್ಚಲಿಗೆ ಹೋಗಿ ತಲೆಗೆ ನೀರು ಹುಯ್ದುಕೊಳ್ಳಬೇಕು. ರೇಜರು, ಬ್ಲೇಡು ಬಂದ ಮೇಲೂ ಜಾಗ ಬದಲಾಗಲಿಲ್ಲ. ಕಂಬದ ಮೊಳೆಗೆ ಕನ್ನಡಿ ನೇತುಹಾಕಿ, ಹೆಂಡತಿಯಿಂದ ಒಂದು ಲೋಟ ಬಿಸಿನೀರು ತರಿಸಿಕೊಂಡು, ಬೆಳಗಿನ ಬೆಳಕಿನಲ್ಲಿ ಹಜಾರದಲ್ಲೇ ಕೂರುತ್ತಿದ್ದರು. ಬಚ್ಚಲಲ್ಲಿ ಬೆಳಕೇ ಇರಲಿಲ್ಲವಲ್ಲ!

ಕೂಟಗಲ್ಲಿನ ನಮ್ಮಣ್ಣನ ಮನೆಯನ್ನು ರಿಪೇರಿಗೆ ತೆಗೆದಾಗ, ಇಂಗ್ಲೆಂಡಿನಲ್ಲಿರುವ ಅವನ ಮಗ ಫೋನು ಮಾಡಿ, "ಹೊಸ ಬಚ್ಚಲಲ್ಲಿ ಒಂದು ಶೇವರ್ ಸಾಕೆಟ್ ಹಾಕಿಸಿ" ಎಂದ. ವೈರಿಂಗಿನ ಹುಡುಗ ತಲೆ ಕೆರೆದುಕೊಂಡು, "ಕನ್ನಡಿ ಪಕ್ಕ ಒಂದು ಪ್ಲಗ್ ಪಾಯಿಂಟು, ಅಷ್ಟೇ ತಾನೇ ಅಮ್ಮಾ?" ಎಂದು ಅತ್ತಿಗೆಯನ್ನು ಕೇಳಿದ. ಅಷ್ಟೇ ಅಲ್ಲ. ಆ ಒಂದು ಸಾಕೆಟ್ಟಿನ ಹಿಂದೆ ಇರುವುದು ದೊಡ್ಡ ಕತೆ.

ಕರೆಂಟು ನಮ್ಮ ಸೀಮೆಗೆ ಹೊಸದಲ್ಲ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಮೊದಲಾದ ಶಿವನಸಮುದ್ರದ ಯೋಜನೆ 1902ರ ಜೂನ್ 30ರಂದು ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕೊಟ್ಟಿತು. ಸುಮಾರು 147 ಕಿಲೋಮೀಟರ್ ತಂತಿ; ಆಗಿನ ಪ್ರಪಂಚದಲ್ಲೇ ಅತಿ ಉದ್ದದವುಗಳಲ್ಲಿ ಒಂದು. ಅದು ಹಾದುಹೋದದ್ದು ನಮ್ಮ ಪಕ್ಕದ ಕನಕಪುರದ ಸೀಮೆಯ ಮೇಲೇ. ಪಾಪ, ಅಯ್ಯರ್ ಅವರಿಗೆ ಅದನ್ನು ನೋಡುವ ಭಾಗ್ಯವಿರಲಿಲ್ಲ, 1901ರಲ್ಲೇ ತೀರಿಕೊಂಡಿದ್ದರು. 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು, 1908ರಲ್ಲಿ ಮೈಸೂರಿಗೆ. ತಂತಿಯ ಕೆಳಗಿನ ಹಳ್ಳಿಗಳಲ್ಲಿ ಮಾತ್ರ ಅದೇ ಹರಳೆಣ್ಣೆ, ಅದೇ ಸೀಮೆಎಣ್ಣೆ ಬುಡ್ಡಿ. ಸಾವಿರಾರು ವೋಲ್ಟಿನ ಆ ತಂತಿಯಿಂದ ಮನೆಯ ದೀಪಕ್ಕೆ ಕರೆಂಟು ಇಳಿಸಬೇಕಾದರೆ ಊರೂರಿಗೆ ಟ್ರಾನ್ಸ್‌ಫಾರ್ಮರು ಬೇಕು, ಕಂಬ ಬೇಕು. ಗಣಿಗೆ ಖರ್ಚು ಮಾಡಿದ ಕೈ ಹಳ್ಳಿಗೆ ಬಿಚ್ಚಲು ಬಹಳ ವರ್ಷ ಹಿಡಿಯಿತು.

ಕೊನೆಗೂ ನಮ್ಮ ಮನೆಗೆ ಬಂದಾಗ ಮೊದಲ ಬಲ್ಬು ಯಾರ ಪಾಲಾಯಿತು ಎನ್ನುತ್ತೀರಿ? ರೇಷ್ಮೆ ಹುಳುವಿನ ಪಾಲು! ರಾಮನಗರದ ಸುತ್ತ ಹುಳು ಸಾಕುವ ಮನೆಗಳಲ್ಲಿ ಮನುಷ್ಯರಿಗಿಂತ ಹುಳುವಿಗೇ ಹೆಚ್ಚಿನ ಉಪಚಾರ. ರಾತ್ರಿ ಎದ್ದು ಸೊಪ್ಪು ಹಾಕಲು ಬೆಳಕು ಬೇಕಲ್ಲ. ಆಮೇಲೆ ಹಜಾರ, ಆಮೇಲೆ ಅಡುಗೆಮನೆ. ಬಚ್ಚಲಿನ ಸರದಿ ಕಟ್ಟಕಡೆಗೆ. 1979-80ರಲ್ಲಿ ಭಾಗ್ಯಜ್ಯೋತಿ ಯೋಜನೆ ಬಡವರ ಮನೆಗೆ ಒಂದೊಂದು ಬಲ್ಬು ಕೊಟ್ಟಿತು. ಇರುವ ಒಂದೇ ಬಲ್ಬನ್ನು ಬಚ್ಚಲಿಗೆ ಯಾರು ಕಟ್ಟುತ್ತಾರೆ? ನಮ್ಮ ಬಚ್ಚಲಲ್ಲಿದ್ದದ್ದು ಗೂಡಿನಲ್ಲೊಂದು ಬುಡ್ಡಿ, ಮಸಿ ಹಿಡಿದ ತಾಮ್ರದ ಹಂಡೆ, ಅದರ ಕೆಳಗೆ ಹುಳು ಸೊಪ್ಪು ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿಯ ಉರಿ. ಎಲ್ಲರಿಗಿಂತ ಮೊದಲೆದ್ದು ಆ ಉರಿ ಊದಿದವಳು ನಮ್ಮಮ್ಮ. ಎಲ್ಲರದೂ ಆದ ಮೇಲೆ ತಣ್ಣಗಾದ ನೀರಿನಲ್ಲಿ ಮಿಂದವಳೂ ಅವಳೇ.

ಹೊಗೆಯಿಂದ ಬಿಡಿಸಿದ್ದು ಕಾಯಿಲ್ಲು. ಬಕೆಟ್ಟಿನಲ್ಲಿ ಇಳಿಬಿಡುವ ಆ ಸುರುಳಿಯನ್ನು ನಾನು ಹಳಿಯಲಾರೆ. ಎಷ್ಟೋ ಹೆಂಗಸರ ಕಣ್ಣನ್ನೂ ಎದೆಯನ್ನೂ ಅದು ಉಳಿಸಿದೆ. ಆದರೆ ಅದನ್ನು ಹಾಕುತ್ತಿದ್ದ ರೀತಿ ನೆನೆದರೆ ಈಗಲೂ ಮೈ ನಡುಗುತ್ತದೆ. ಪ್ಲಗ್ಗಿಲ್ಲದ ವೈರಿನ ತುದಿಗಳನ್ನು ಗೋಡೆಯ ತೂತಿಗೆ ತೂರಿಸಿ, ಜಾರದಿರಲೆಂದು ಬೆಂಕಿಕಡ್ಡಿ ಸಿಕ್ಕಿಸುವುದು! ಅರ್ಥಿನ ತಂತಿ ಅನಾಥ. ನೀರು ಕಾದಿದೆಯೇ ಎಂದು ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಬೆರಳು ಅದ್ದಿ ನೋಡುವುದು. ಸುರುಳಿಯ ಲೋಹದ ಕವಚ ಎಲ್ಲಾದರೂ ಬಿರಿದಿದ್ದರೆ ಬಕೆಟ್ಟಿನ ನೀರೆಲ್ಲ ಕರೆಂಟೇ.

ಈಗ ಶೇವರ್ ಸಾಕೆಟ್ಟಿಗೆ ಬನ್ನಿ. ಅಮೆರಿಕದ ಜೇಕಬ್ ಷಿಕ್ ವಿದ್ಯುತ್ ರೇಜರನ್ನು ಮಾರಾಟಕ್ಕೆ ತಂದದ್ದು 1931ರಲ್ಲಿ; ಹಾಲೆಂಡಿನ ಫಿಲಿಪ್ಸ್ ತನ್ನದನ್ನು ತಂದದ್ದು 1939ರಲ್ಲಿ. ಇಂಗ್ಲೆಂಡಿನವರಿಗೋ ಬಚ್ಚಲಿನ ಕರೆಂಟೆಂದರೆ ಭಾರಿ ಭಯ. ದೀಪದ ಸ್ವಿಚ್ಚನ್ನೂ ಮುಟ್ಟಗೊಡದೆ ಚಾವಣಿಯಿಂದ ದಾರ ಇಳಿಬಿಟ್ಟು ಎಳೆಯುತ್ತಾರೆ. ಸ್ನಾನದ ತೊಟ್ಟಿಯ ಹತ್ತಿರ ಸಾಮಾನ್ಯ ಸಾಕೆಟ್ಟು ಕೂಡದು. ಗಡ್ಡಕ್ಕೆ ಮಾತ್ರ ರಿಯಾಯಿತಿ. ಆ ಸಾಕೆಟ್ಟಿನೊಳಗೆ ಒಂದು ಪುಟ್ಟ ಟ್ರಾನ್ಸ್‌ಫಾರ್ಮರು ಇರುತ್ತದೆ. ಮನೆಯ ತಂತಿಗೂ ರೇಜರಿನ ತಂತಿಗೂ ನೇರ ಸಂಬಂಧವಿಲ್ಲ, ನೆಲಕ್ಕೂ ಇಲ್ಲ. ಒದ್ದೆ ಕೈ ಒಂದು ತಂತಿಗೆ ತಾಗಿದರೂ ಕರೆಂಟಿಗೆ ನಮ್ಮ ಮೈಯ ಮೂಲಕ ನೆಲಕ್ಕಿಳಿದು ಹಿಂದಿರುಗುವ ದಾರಿ ಸಿಗುವುದಿಲ್ಲ. ಎರಡನ್ನೂ ಒಟ್ಟಿಗೆ ಹಿಡಿದರೆ ಮಾತ್ರ ಹೊಡೆದೇ ಹೊಡೆಯುತ್ತದೆ.

ಇದನ್ನು ತಿಳಿದಾಗ ನನಗೆ ಸಣ್ಣಗೆ ಸಿಟ್ಟು ಬಂತು. ಒಂದು ಗಲ್ಲಕ್ಕೆ ಇಷ್ಟು ಕಾವಲು, ಒದ್ದೆ ಸೀರೆಯಲ್ಲಿ ನಿಂತವಳಿಗೆ ಬೆಂಕಿಕಡ್ಡಿ! ಹಾಗಂತ ಇದು ಗಂಡಸರ ಕುತಂತ್ರವೇನಲ್ಲ. ಅಂಥ ಸಾಕೆಟ್ಟು ಹೊರುವುದು ಸುಮಾರು 20 ವಾಟಿನ ಭಾರ. ಕಾಯಿಲ್ಲಿಗೆ 1,000ದಿಂದ 1,500 ವಾಟು. ಅದಕ್ಕೆ ತಕ್ಕ ಟ್ರಾನ್ಸ್‌ಫಾರ್ಮರು ಮಾಡಿದರೆ ಗೋಡೆಯಲ್ಲಿ ಹಿಡಿಸದು. ಕಾಯಿಲ್ಲು, ಗೀಜರುಗಳಿಗೆ ಬೇರೆಯದೇ ಕಾವಲು ಬೇಕು. ಮೊದಲನೆಯದು ಅರ್ಥಿಂಗ್: ಇದ್ದಿಲು, ಉಪ್ಪು ತುಂಬಿದ ಗುಂಡಿ, ಬೇಸಿಗೆಯಲ್ಲಿ ಒಣಗದಂತೆ ನೀರು ಹುಯ್ಯಬೇಕು. ಎರಡನೆಯದು ಆರ್‌ಸಿಸಿಬಿ. ಹೋದ ಕರೆಂಟು ಅಷ್ಟೇ ವಾಪಸ್ಸು ಬಂತೇ ಎಂದು ಅದು ಲೆಕ್ಕ ನೋಡುತ್ತದೆ, ಮನೆಯ ಯಜಮಾನಿ ಹಾಲಿನ ಲೆಕ್ಕ ನೋಡುವ ಹಾಗೆ. 30 ಮಿಲಿಯಾಂಪ್ ಸೋರಿದರೂ ಸೆಕೆಂಡಿನ ಮೂರನೆಯ ಒಂದು ಭಾಗದೊಳಗೆ ಕತ್ತರಿಸಿಬಿಡುತ್ತದೆ. ಫ್ಯೂಸಿದೆಯಲ್ಲ ಎನ್ನುವವರುಂಟು. 5 ಆಂಪಿನ ಫ್ಯೂಸೆಂದರೆ 5,000 ಮಿಲಿಯಾಂಪು. ಅದು ಕಾಯುವುದು ವೈರನ್ನು, ನಮ್ಮನ್ನಲ್ಲ. 2023ರಲ್ಲಿ ಗೃಹಜ್ಯೋತಿ ಬಂದಮೇಲೆ ಮಿತಿಯೊಳಗಿನ ಮನೆಗಳಿಗೆ ಬಿಲ್ಲಿನ ಹೆದರಿಕೆ ತಪ್ಪಿತು. ಕಾಯಿಲ್ಲಿನ ಹೆದರಿಕೆ ಹಾಗೇ ಇದೆ.

ನಮ್ಮ ಬಚ್ಚಲೆಂದರೆ ಐದಡಿ, ಏಳಡಿ. ಚೊಂಬಿನಲ್ಲಿ ಮೊಗೆದು ಹುಯ್ದುಕೊಂಡರೆ ನಾಲ್ಕು ಗೋಡೆಗೂ ಸ್ನಾನ. ಒಣಗಿರುವ ಮೂಲೆ ಎಂಬುದೇ ಇಲ್ಲ. ಅತ್ತಿಗೆ ಇದನ್ನೆಲ್ಲ ಕೇಳಿ, ಆ ಸಾಕೆಟ್ಟಿನ ದುಡ್ಡಿಗೆ ಇನ್ನಷ್ಟು ಸೇರಿಸಿ ಆರ್‌ಸಿಸಿಬಿ ಹಾಕಿಸಿದರು, ಹೊಸ ಅರ್ಥಿಂಗ್ ಗುಂಡಿ ತೋಡಿಸಿದರು. ಗೀಜರಿನ ಸ್ವಿಚ್ಚು ಬಾಗಿಲಿನ ಹೊರಗೆ. "ನಿನ್ನ ಮಿಷನ್ನು ಬ್ಯಾಟರೀದಲ್ವೇನಪ್ಪಾ, ಹಜಾರದಲ್ಲಿ ಚಾರ್ಜಿಗೆ ಹಾಕ್ಕೊ" ಎಂದು ಮಗನಿಗೆ ಹೇಳಿದರು. ಅವನೂ ಸುಮ್ಮನಾದ.

ಆರ್‌ಸಿಸಿಬಿಯ ಮೇಲೆ ಪರೀಕ್ಷೆಗೆಂದು ಒಂದು ಗುಂಡಿ ಇರುತ್ತದೆ, ಆಗಾಗ ಒತ್ತಿ ನೋಡಬೇಕು. ಮರೆಯಬಾರದೆಂದು ಅತ್ತಿಗೆ ಅದನ್ನು ಅಮಾವಾಸ್ಯೆಗೆ ಗಂಟು ಹಾಕಿದ್ದಾರೆ. ಟಕ್ ಎಂದು ಮನೆಯೆಲ್ಲ ಆರಿಹೋಗುತ್ತದೆ, ಟಿ.ವಿ. ಮುಂದಿನಿಂದ ಅಣ್ಣ ಕೂಗಿಕೊಳ್ಳುತ್ತಾನೆ. ಅತ್ತಿಗೆ ಅವಸರವಿಲ್ಲದೆ ಸ್ವಿಚ್ಚನ್ನು ಮೇಲೆತ್ತುತ್ತಾರೆ.