ಅಮ್ಮ ಸಾರು ಬಿಸಿ ಮಾಡಿದ್ರೆ ವೈಫೈ ಯಾಕೆ ನಿಲ್ಲುತ್ತೆ?

ಇವತ್ತಿನ ಇತಿಹಾಸದ ಕಥೆ ರಾಜರದ್ದಲ್ಲ, ಯುದ್ಧದ್ದೂ ಅಲ್ಲ. ನಮ್ಮನೆ ಫ್ರಿಜ್ ಮೇಲೆ ಕೂತಿದ್ದ ಒಂದು ಕಪ್ಪು ಡಬ್ಬಿಯದ್ದು. ಹೌದು, ವೈಫೈ ರೌಟರ್.

ಹೋದ ವರ್ಷ ನನ್ನ ತಂಗಿಗೆ ಒಂದು ಇಂಟರ್‌ವ್ಯೂ ಇತ್ತು. ಮೊದಲ ಕೆಲಸ. ಎದುರಿಗಿದ್ದವರು ಬೇರೆ ದೇಶದವರು, ಹಾಗಾಗಿ ರಾತ್ರಿ ಎಂಟಕ್ಕೆ ವಿಡಿಯೋ ಕಾಲ್. ಎರಡನೇ ಪ್ರಶ್ನೆಗೆ ಉತ್ತರ ಹೇಳ್ತಿದ್ದವಳು ಸ್ಕ್ರೀನಿನಲ್ಲಿ ಹಾಗೇ ಕಲ್ಲಾಗಿಬಿಟ್ಟಳು. ಮತ್ತೆ ಕನೆಕ್ಟ್ ಆಯ್ತು, ಮತ್ತೆ ಹೋಯ್ತು. ಆಮೇಲೆ ಅವರು ಕರೆಯಲೇ ಇಲ್ಲ. ಆ ರಾತ್ರಿ ಅವಳು ಊಟ ಮಾಡಲಿಲ್ಲ.

ಮರುದಿನ ನಾನು ಇಂಟರ್ನೆಟ್ ಹುಡುಗನಿಗೆ ಫೋನ್ ಮಾಡಿ ಬಾಯಿಗೆ ಬಂದಂಗೆ ಬೈದೆ. ಪಾಪ, ಆತ ಬಂದ. ಕೇಬಲ್ಲನ್ನು ನೇರವಾಗಿ ತನ್ನ ಲ್ಯಾಪ್‌ಟಾಪಿಗೆ ಹಾಕಿ ನೋಡಿದ. ಸ್ಪೀಡ್ ಪೂರ್ತಿ ಬರ್ತಿತ್ತು. 'ವೈರ್ ಸರಿಯಾಗಿದೆ ಸರ್, ತೊಂದ್ರೆ ಇರೋದು ಗಾಳೀಲಿ' ಅಂದ. ಅಷ್ಟರಲ್ಲಿ ಅಮ್ಮ ಮೈಕ್ರೋವೇವ್‌ನಲ್ಲಿ ಸಾರು ಬಿಸಿಗಿಟ್ಟರು. ನನ್ನ ಫೋನಿನಲ್ಲಿ ಓಡ್ತಿದ್ದ ವಿಡಿಯೋ ನಿಂತುಹೋಯ್ತು. ಇಂಟರ್‌ವ್ಯೂ ದಿನವೂ ಎಂಟು ಗಂಟೆಗೆ ನಮ್ಮನೇಲಿ ಊಟದ ಹೊತ್ತು ಅನ್ನೋದು ಆಗ ನೆನಪಾಯ್ತು.

ಸಾರಿಗೂ ವೈಫೈಗೂ ಏನು ಸಂಬಂಧ? ಇದಕ್ಕೆ ಉತ್ತರ ಬೇಕಂದ್ರೆ ಎರಡನೇ ಮಹಾಯುದ್ಧದ ಕಾಲಕ್ಕೆ ಹೋಗಬೇಕು. ಅಮೆರಿಕದ ರೇಥಿಯಾನ್ ಕಂಪನಿಯಲ್ಲಿ ಪರ್ಸಿ ಸ್ಪೆನ್ಸರ್ ಅನ್ನೋ ಎಂಜಿನಿಯರ್ ರೇಡಾರ್‌ಗೆ ಬಳಸುವ ಮ್ಯಾಗ್ನೆಟ್ರಾನ್ ಮೇಲೆ ಕೆಲಸ ಮಾಡ್ತಿದ್ದರು. ಅದರ ಅಲೆಗಳಿಂದ ಅಡುಗೆ ಬಿಸಿ ಮಾಡಬಹುದು ಅಂತ ಕಂಡುಕೊಂಡರು. ಮೈಕ್ರೋವೇವ್ ಒಲೆ ಹುಟ್ಟಿದ್ದು ಹೀಗೆ. 1947ರಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ ನಡೆದ ಅಂತರರಾಷ್ಟ್ರೀಯ ರೇಡಿಯೋ ಸಮ್ಮೇಳನದಲ್ಲಿ ಕೈಗಾರಿಕೆ, ವಿಜ್ಞಾನ, ವೈದ್ಯಕೀಯ ಯಂತ್ರಗಳಿಗೆ ಅಂತಲೇ ಕೆಲವು ತರಂಗಪಟ್ಟಿಗಳನ್ನು ಬಿಟ್ಟುಕೊಟ್ಟರು. ಅದರಲ್ಲಿ 2.4 ಗಿಗಾಹರ್ಟ್ಸ್ ಸುತ್ತಮುತ್ತಲಿನ ಜಾಗವೂ ಒಂದು. ಮೈಕ್ರೋವೇವ್ ಒಲೆ ಕೆಲಸ ಮಾಡೋದು ಇಲ್ಲೇ. ಸಂಪರ್ಕದ ಮಟ್ಟಿಗೆ ಇದು ಯಾರಿಗೂ ಬೇಡದ ಖಾಲಿ ಸೈಟು.

1985ರಲ್ಲಿ ಅಮೆರಿಕದ ಎಫ್‌ಸಿಸಿ ಒಂದು ತೀರ್ಮಾನ ಮಾಡಿತು. ಆ ಖಾಲಿ ಸೈಟಿನಲ್ಲಿ ಲೈಸೆನ್ಸ್ ಇಲ್ಲದೇ ಯಾರು ಬೇಕಾದರೂ ಕಡಿಮೆ ಶಕ್ತಿಯ ರೇಡಿಯೋ ನಡೆಸಬಹುದು. ಆದರೆ ಒಂದು ಷರತ್ತು: ಬೇರೆಯವರಿಂದ ಅಡ್ಡಿಯಾದರೆ ಸಹಿಸಿಕೊಳ್ಳಬೇಕು, ದೂರು ಕೊಡೋ ಹಾಗಿಲ್ಲ. ವೈಫೈ ಹುಟ್ಟಲು ಜಾಗ ಸಿಕ್ಕಿದ್ದು ಇಲ್ಲಿ. ಭಾರತದಲ್ಲಿ ಒಳಗೂ ಹೊರಗೂ 2.4 ಪಟ್ಟಿಯನ್ನು ಲೈಸೆನ್ಸ್‌ನಿಂದ ಮುಕ್ತ ಮಾಡಿದ ನಿಯಮ ಬಂದದ್ದು 2005ರ ಜನವರಿಯಲ್ಲಿ. ನಮ್ಮಲ್ಲೂ ಅದೇ ಷರತ್ತು.

ಜಾಗ ಸಿಕ್ಕಿತು. ಆದರೆ ಎಲ್ಲರೂ ಒಟ್ಟಿಗೆ ಮಾತಾಡಿದ್ರೆ? ಇದಕ್ಕೆ ಮೊದಲ ದಾರಿ ತೋರಿಸಿದ್ದು ಹವಾಯಿ. 1971ರಲ್ಲಿ ನಾರ್ಮನ್ ಅಬ್ರಾಮ್ಸನ್ ಮತ್ತು ಸಂಗಡಿಗರು ಹವಾಯಿ ವಿಶ್ವವಿದ್ಯಾಲಯದಿಂದ ದ್ವೀಪಗಳ ಕಂಪ್ಯೂಟರುಗಳನ್ನು ರೇಡಿಯೋ ಮೂಲಕ ಜೋಡಿಸಿದರು. ಹೆಸರು ಅಲೋಹಾನೆಟ್. ನಿಯಮ ತುಂಬಾ ಸರಳ. ಕಳಿಸಬೇಕಾದದ್ದನ್ನು ಕಳಿಸು. 'ಸಿಕ್ತು' ಅಂತ ಉತ್ತರ ಬರದಿದ್ರೆ ಸ್ವಲ್ಪ ಹೊತ್ತು ಕಾದು ಮತ್ತೆ ಕಳಿಸು. ಎಷ್ಟು ಹೊತ್ತು ಅನ್ನೋದು ಪ್ರತಿ ಸಲ ಬೇರೆ ಬೇರೆ, ಇಲ್ಲಾಂದ್ರೆ ಇಬ್ಬರೂ ಮತ್ತೆ ಡಿಕ್ಕಿ ಹೊಡೀತಾರೆ. ವೈಫೈ ಇದಕ್ಕೆ ಇನ್ನೊಂದು ಸೇರಿಸಿತು: ಮಾತಾಡೋ ಮೊದಲು ಕಿವಿಗೊಟ್ಟು ಕೇಳು, ಯಾರಾದ್ರೂ ಮಾತಾಡ್ತಿದ್ರೆ ಸುಮ್ಮನಿರು.

ಇನ್ನೊಂದು ತಲೆನೋವು ಪ್ರತಿಧ್ವನಿ. ರೇಡಿಯೋ ಅಲೆ ಗೋಡೆ, ಬೀರುಗಳಿಗೆಲ್ಲ ಬಡಿದು ತಡವಾಗಿ ಬಂದು ಕಲಸುಮೇಲೋಗರ ಆಗುತ್ತೆ. ಇದನ್ನು ಬಿಡಿಸುವ ಒಂದು ಮುಖ್ಯ ವಿಧಾನ ಬಂದದ್ದು ಆಸ್ಟ್ರೇಲಿಯಾದ ಸಿಎಸ್‌ಐಆರ್‌ಒ ಸಂಸ್ಥೆಯಿಂದ. ಅಲ್ಲಿನ ಜಾನ್ ಓ'ಸಲಿವನ್ ಮೊದಲು ಹುಡುಕ್ತಿದ್ದದ್ದು ಸಿಡಿಯುವ ಪುಟಾಣಿ ಕಪ್ಪುಕುಳಿಗಳ ರೇಡಿಯೋ ಸದ್ದನ್ನು. ಅದು ಸಿಗಲಿಲ್ಲ. ಆದರೆ ಆ ಹುಡುಕಾಟದ ಗಣಿತ ಮುಂದೆ ವೈಫೈಗೆ ಉಪಯೋಗಕ್ಕೆ ಬಂತು. ಅವರ ತಂಡಕ್ಕೆ 1996ರಲ್ಲಿ ಅಮೆರಿಕದ ಪೇಟೆಂಟ್ ಸಿಕ್ಕಿತು.

1997ರಲ್ಲಿ ಮೊದಲ 802.11 ಮಾನದಂಡ ಬಂತು. ವೇಗ ಹೆಚ್ಚೆಂದರೆ ಸೆಕೆಂಡಿಗೆ 2 ಮೆಗಾಬಿಟ್. ಎರಡೇ ವರ್ಷಕ್ಕೆ ಅದು 11 ಆಯ್ತು. 1999ರಲ್ಲೇ ಇಂಟರ್‌ಬ್ರ್ಯಾಂಡ್ ಅನ್ನೋ ಕಂಪನಿ 'ವೈಫೈ' ಅನ್ನೋ ಹೆಸರು ಕೊಟ್ಟಿತು. ಕ್ವಿಜ್‌ನಲ್ಲಿ ಇದರ ಫುಲ್ ಫಾರ್ಮ್ ಕೇಳಿದ್ರೆ ಧೈರ್ಯವಾಗಿ ಹೇಳಿ, ಅಂಥದ್ದೇನೂ ಇಲ್ಲ. ಹೈಫೈಗೆ ಪ್ರಾಸ, ಅಷ್ಟೇ.

ಈಗ ನಮ್ಮ ಅಪಾರ್ಟ್‌ಮೆಂಟಿಗೆ ವಾಪಸ್ ಬರೋಣ. ಫೋನಿನಲ್ಲಿ ಒಂದು ಆ್ಯಪ್ ಹಾಕಿ ನೋಡಿದೆ. ಸುತ್ತ ಹದಿನೇಳು ವೈಫೈ, ಹೆಚ್ಚಿನವು 2.4ರಲ್ಲೇ. ಅಲ್ಲಿ ಒಂದಕ್ಕೊಂದು ತಾಗದ ಚಾನೆಲ್‌ಗಳು ಅಂದ್ರೆ 1, 6, 11, ಮೂರೇ. ಹದಿನೇಳು ಮನೆಯವರು ಮೂರು ಬೆಂಚಿನಲ್ಲಿ ಕೂತ ಹಾಗೆ. ಪಕ್ಕದ ಮನೆಯವರು ಸಿನಿಮಾ ನೋಡುವಾಗ ನಮ್ಮ ರೌಟರ್ ಸರದಿಗೆ ಕಾಯ್ತಿರುತ್ತೆ. ಮೈಕ್ರೋವೇವ್ ಒಲೆಗಂತೂ ಸರದಿಯೇ ಗೊತ್ತಿಲ್ಲ. ಅದರಿಂದ ಸೋರುವ ಅಲೆ ನಮಗೆ ಅಪಾಯ ಮಾಡದಷ್ಟು ಸಣ್ಣದು, ಆದರೆ ವೈಫೈ ಅದಕ್ಕಿಂತಲೂ ಮೆತ್ತಗೆ ಮಾತಾಡುತ್ತೆ.

ನಾವು ಮಾಡಿದ್ದು ಇಷ್ಟು. ರೌಟರನ್ನು ಫ್ರಿಜ್ ಮೇಲಿಂದ ತೆಗೆದು ಹಾಲ್‌ನ ಶೆಲ್ಫಿನಲ್ಲಿ ಎತ್ತರಕ್ಕೆ ಇಟ್ಟೆವು. ಚಾನೆಲ್ ಬದಲಾಯಿಸಿದೆವು. ಫೋನುಗಳನ್ನು 5 ಗಿಗಾಹರ್ಟ್ಸ್‌ಗೆ ಹಾಕಿದೆವು. ಅಲ್ಲಿ ಜಾಗ ಜಾಸ್ತಿ, ಮೈಕ್ರೋವೇವ್ ಕಾಟ ಇಲ್ಲ. ಆದರೆ ಗೋಡೆ ದಾಟೋದು ಅದಕ್ಕೆ ಕಷ್ಟ, ಒಳಗಿನ ರೂಮಿಗೆ ಸರಿಯಾಗಿ ಬರಲ್ಲ. ಅದಕ್ಕೇ ತಂಗಿಯ ಟೇಬಲ್ಲಿಗೆ ರೌಟರ್‌ನಿಂದ ಒಂದು ಕೇಬಲ್ ಎಳೆದೆವು.

ಆ ಹುಡುಗನಿಗೆ ಫೋನ್ ಮಾಡಿ ಸಾರಿ ಕೇಳಿದೆ. 'ಪರ್ವಾಗಿಲ್ಲ ಸರ್, ದಿನಾ ಬೈಸ್ಕೊಳ್ತೀವಿ' ಅಂದ. ಆ ಮಾತು ಇನ್ನೂ ಚುಚ್ಚುತ್ತೆ. ಲೈಸೆನ್ಸ್ ಇಲ್ಲದ, ದೂರು ಕೊಡಲಾಗದ ಗಾಳಿಯನ್ನು ಎಲ್ಲರೂ ಪುಕ್ಕಟೆ ಹಂಚಿಕೊಂಡಿದ್ದೇವೆ. ಅದರ ಸಿಟ್ಟು ಮಾತ್ರ ಕೈಗೆ ಸಿಗೋ ಮನುಷ್ಯನ ಮೇಲೆ.

ಮುಂದಿನ ಇಂಟರ್‌ವ್ಯೂ ಕೇಬಲ್ ಮೇಲೆ ನಡೀತು, ಒಂದು ಸಲವೂ ನಿಲ್ಲಲಿಲ್ಲ. ಆದರೂ ಅಮ್ಮ ಅವತ್ತು ಸಾರನ್ನು ಗ್ಯಾಸ್ ಮೇಲೆಯೇ ಬಿಸಿ ಮಾಡಿದರು.